ಜೇಬಿನಲ್ಲಿ ಫ್ಯೂಸು ಇಲ್ಲದ ದಿನ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ, ಅಳಿಯನಿಗೆ — ಮೊದಲು ನಿಮಗೆ ಕೈ ಮುಗಿಯುತ್ತೇನೆ. ಆಮೇಲೆ ನನ್ನ ಜೊತೆ ಕೆಲಸ ಮಾಡುವ ಲೈನ್‌ಮ್ಯಾನ್‌ಗಳಿಗೆ, ಮೀಟರ್ ಓದುವವರಿಗೆ, ಕಚೇರಿಯ ಗುಮಾಸ್ತರಿಗೆ. ಬಾಗಿಲ ಹತ್ತಿರ ನಿಂತೇ ಇರುವ ನಿವೃತ್ತ ಹಿರಿಯರಿಗೆ — ಒಳಗೆ ಬನ್ನಿ, ಆ ಗೋಡೆ ಪಕ್ಕ ಕುರ್ಚಿಗಳಿವೆ. ಮತ್ತೆ, ವೇದಿಕೆಯ ಮೇಲಿರುವ ಮಾನ್ಯ ಮಂತ್ರಿಗಳಿಗೂ ನಮಸ್ಕಾರ. ಮಂತ್ರಿಗಳ ಹೆಸರು ಮೊದಲು ಹೇಳಬೇಕು ಅಂತ ನನಗೆ ಹೇಳಿಕೊಟ್ಟು ಕಳಿಸಿದ್ದರು. ಇದು ಗಂಡನನ್ನು ಕಳೆದುಕೊಂಡ ಅತ್ತಿಗೆಯವರ ಸಭೆ, ಹಾಗಾಗಿ ಕ್ರಮ ಬದಲಾಯಿಸಿದೆ. ತಪ್ಪಾಯಿತು ಅಂತ ನನಗೇನೂ ಅನ್ನಿಸುತ್ತಿಲ್ಲ.

ನನಗೆ ಭಾಷಣ ಬರುವುದಿಲ್ಲ. ನಮ್ಮ ನೌಕರರ ಸಂಘದಲ್ಲಿ ಮೈಕು ಹಿಡಿಯುತ್ತಿದ್ದವರು ಅವರು — ಈ ಫೋಟೋದಲ್ಲಿ ಇರುವವರು. ನಾನು ಏಣಿ ಹಿಡಿಯುತ್ತಿದ್ದವನು. ಅವರು ಕಂಬದ ಮೇಲೆ, ನಾನು ಕಂಬದ ಕೆಳಗೆ. ಇಷ್ಟು ವರ್ಷ ಅವರ ಚಪ್ಪಲಿ ನೋಡಿದಷ್ಟು ಅವರ ಮುಖ ನೋಡಿಲ್ಲ ಅಂತ ತಮಾಷೆಗೆ ಹೇಳುತ್ತಿದ್ದೆ. ಅವರು ಮೇಲಿನಿಂದಲೇ ಬೈಯುತ್ತಿದ್ದರು, "ಚಪ್ಪಲಿ ನೋಡಿದ್ದು ಸಾಕು, ಏಣಿ ನೋಡು" ಅಂತ.

ನನಗಿಂತ ಮುಂಚೆ ಮಾತಾಡಿದವರು ಒಳ್ಳೊಳ್ಳೆಯ ಮಾತು ಹೇಳಿದರು. ಹಸನ್ಮುಖಿ ಅಂದರು. ಸ್ವಾಮಿ, ಒಂದು ಸಲ ಫೋಟೋ ನೋಡಿ. ಫೋಟೋ ತೆಗೆಸಿಕೊಳ್ಳುವಾಗಲೂ ಹುಬ್ಬು ಗಂಟು ಹಾಕಿಕೊಂಡು ಕೂತ ಮನುಷ್ಯ ಅವರು. ಎಲ್ಲರಿಗೂ ಬೇಕಾದವರು ಅಂದರು. ಎಲ್ಲರಿಗೂ ಬೇಕಾಗಿದ್ದರೆ ಈ ಫೋಟೋಗೆ ಇಷ್ಟು ಬೇಗ ಹಾರ ಬೀಳುತ್ತಿರಲಿಲ್ಲ. ಕೊನೆಗೆ ಒಬ್ಬರು, ಪಕ್ಷದ ಶಿಸ್ತಿನ ಸಿಪಾಯಿ ಅಂದರು. ಆ ಮಾತಿಗೆ ನಾನು ಆಮೇಲೆ ಬರುತ್ತೇನೆ.

ಮೊದಲು ನಾವೆಲ್ಲ ಇಲ್ಲಿ ಯಾಕೆ ಉಸಿರು ಬಿಗಿಹಿಡಿದು ಕೂತಿದ್ದೇವೆ ಅನ್ನುವುದನ್ನು ಹೇಳಿಬಿಡುತ್ತೇನೆ. ಹೊರಗಿನಿಂದ ಬಂದವರಿಗೆ ಗೊತ್ತಿಲ್ಲದೆ ಇರಬಹುದು. ಅವರು ಸಾಯುವಾಗ ಅಮಾನತ್ತಿನಲ್ಲಿದ್ದರು. ಇಲಾಖೆಯವರು ಪತ್ರಿಕೆಗಳಿಗೆ ಈಗಾಗಲೇ ಹೇಳಿಕೆ ಕೊಟ್ಟಾಗಿದೆ — ಅಮಾನತ್ತಿನಲ್ಲಿದ್ದ ನೌಕರನೊಬ್ಬ ಯಾರೂ ಕರೆಯದೆ, ತಾನಾಗಿಯೇ ಕಂಬ ಹತ್ತಿ ಸತ್ತಿದ್ದಾನೆ ಅಂತ. 'ಅಕ್ರಮವಾಗಿ' ಅನ್ನುವ ಪದ ಹಾಕಿದ್ದಾರೆ. ನಾಳೆ ಬೆಳಿಗ್ಗೆ ವಿಚಾರಣಾಧಿಕಾರಿ ನಮ್ಮ ಸೆಕ್ಷನ್ ಆಫೀಸಿಗೆ ಬರುತ್ತಾರೆ. ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೇಳುತ್ತಾರೆ — ಅವರನ್ನು ಆ ದಿನ ಕರೆದವರು ಯಾರು?

ಅದಕ್ಕೆ ಏನು ಉತ್ತರ ಕೊಡಬೇಕು ಅಂತ ನಮಗೆ ಮೇಲಿನಿಂದ ಆಗಲೇ ಕಿವಿಮಾತು ಬಂದಿದೆ. ಗೊತ್ತಿಲ್ಲ ಅನ್ನಬೇಕಂತೆ.

ಮೊನ್ನೆ ಅತ್ತಿಗೆಯವರ ಮನೆಗೆ ಹೋಗಿದ್ದೆ. ಅವರು ಅಳುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು, "ನೋಡಪ್ಪಾ, ಪರಿಹಾರ ಕೊಡಲಿ, ಬಿಡಲಿ. ಅವರು ಕೆಲಸಕ್ಕೆ ಹೋಗಿದ್ರು ಅಂತ ನಿಮ್ಮಲ್ಲಿ ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಿ. ಕಳ್ಳನ ಹಾಗೆ ಕಂಬ ಹತ್ತಿ ಸತ್ರು ಅಂತ ನನ್ನ ಮೊಮ್ಮಗು ದೊಡ್ಡದಾದ ಮೇಲೆ ಓದಬಾರದು." ಅಷ್ಟೇ ಅವರು ಕೇಳಿದ್ದು. ಈಗ ಸೆಕ್ಷನ್ನಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡದೆ ಓಡಾಡುತ್ತಿದ್ದೇವೆ.

ಅವರು ಎಂಥ ಮನುಷ್ಯ ಅಂತ ಹೇಳಬೇಕಾದರೆ ಫ್ಯೂಸಿನ ವಿಷಯ ಹೇಳಬೇಕು. ನಮ್ಮ ಕೆಲಸದ ಪದ್ಧತಿ ಹೀಗೆ. ಲೈನ್ ಕೆಟ್ಟರೆ ಟ್ರಾನ್ಸ್‌ಫಾರ್ಮರ್ ಪಕ್ಕದ ಡಬ್ಬಿಯಲ್ಲಿರುವ ಫ್ಯೂಸು ಕೀಳುತ್ತೇವೆ. ಇಷ್ಟು ದಪ್ಪ — ಮುಷ್ಟಿಯಷ್ಟು — ಪಿಂಗಾಣಿಯದು. ಕಿತ್ತ ಫ್ಯೂಸನ್ನು ಅಲ್ಲೇ ಇಡುವುದಿಲ್ಲ. ಕಂಬ ಹತ್ತುವವನು ಅದನ್ನು ತನ್ನ ಜೇಬಿಗೆ ಹಾಕಿಕೊಂಡು ಹತ್ತುತ್ತಾನೆ. ಯಾಕೆ? ಅದು ಜೇಬಿನಲ್ಲಿ ಇರುವ ತನಕ ಯಾರು ಬಂದರೂ, ಯಾರು ಫೋನ್ ಮಾಡಿದರೂ ಆ ಲೈನಿಗೆ ಕರೆಂಟು ಬಿಡುವುದಕ್ಕೆ ಆಗುವುದಿಲ್ಲ. ಇಳಿದು ಬಂದು ಅವನೇ ಹಾಕಬೇಕು. ಇದನ್ನು ಯಾವ ಪುಸ್ತಕವೂ ನಮಗೆ ಕಲಿಸಲಿಲ್ಲ. ಹಳಬರು ಕಿವಿ ಹಿಂಡಿ ಕಲಿಸಿದರು.

ಇವರು ಮದುವೆಯಾದ ಹೊಸತು. ಒಂದು ಸಂಜೆ ಕೆಲಸ ಮುಗಿಸಿದರು, ಇಳಿದರು, ಸೈಕಲ್ ಹತ್ತಿ ಸೀದಾ ಮನೆಗೆ ಹೋದರು — ಫ್ಯೂಸು ಜೇಬಿನಲ್ಲೇ! ಹೊಸ ಹೆಂಡತಿ ಕಾಯುತ್ತಿದ್ದಾರಲ್ಲ, ಅವಸರ. ಅಂಗಿ ಬಿಚ್ಚಿ ಹಾಕಿ ಊಟಕ್ಕೆ ಕೂತಿದ್ದಾರೆ. ಆ ಕಡೆ ಇಡೀ ಬೀದಿ ಕತ್ತಲು. ಪಕ್ಕದ ಮನೆಯವರು ಬಂದು ದೂರು ಹೇಳಿದರೆ ಇವರಿಗೇ ಸಿಟ್ಟು. "ಯಾವನೋ ಬೇಜವಾಬ್ದಾರಿ ಲೈನ್‌ಮ್ಯಾನ್ ಇರಬೇಕು, ಬಿಡಿ, ನಾನೇ ನೋಡ್ತೀನಿ" ಅಂತ ಬೇರೆ ಅಂಗಿ ಹಾಕಿಕೊಂಡು ಹೊರಟರು. ಡಬ್ಬಿ ತೆಗೆದು ನೋಡುವ ಬುದ್ಧಿ ಬರಲಿಲ್ಲ ನೋಡಿ, ಒಂದೊಂದೇ ಕಂಬ ಹತ್ತಿ ತಂತಿ ಎಲ್ಲಿ ಕಡಿದಿದೆ ಅಂತ ಹುಡುಕುತ್ತಿದ್ದಾರೆ. ನಾನು ಕೆಳಗೆ ಟಾರ್ಚ್ ಬಿಡುತ್ತಿದ್ದೇನೆ. ಆಗ ಬಂದರು ಅತ್ತಿಗೆ, ಕೈಯಲ್ಲಿ ತರಕಾರಿ ಚೀಲ. ಕಂಬದ ಕೆಳಗೆ ನಿಂತು ಕತ್ತೆತ್ತಿ ಕೇಳಿದರು, "ರೀ, ಅಂಗಿ ಒಗೆಯೋಕೆ ತೆಗೆದೆ. ಜೇಬಲ್ಲಿ ಇದು ಇತ್ತು, ನಿಮ್ಮದೇನು, ನೋಡಿ."

ನಗಿ, ನಗಿ. ಅತ್ತಿಗೆಯೂ ನಗುತ್ತಿದ್ದಾರೆ. ಆವತ್ತಿನಿಂದ ಅವರು ಫ್ಯೂಸಣ್ಣ. ಸಂಬಳದ ದಿನ ಮಾತ್ರ ಅವರ ನಿಜವಾದ ಹೆಸರು ಕೇಳಿಸುತ್ತಿತ್ತು.

ಆದರೆ ಒಂದು ಹೇಳುತ್ತೇನೆ. ಆ ಬೀದಿಯವರು ಬೈದರು, ಮೆಮೊ ಬಂತು. ಆದರೂ ಜೇಬಿಗೆ ಫ್ಯೂಸು ಹಾಕಿಕೊಳ್ಳುವುದನ್ನು ಅವರು ಬಿಡಲಿಲ್ಲ. "ಬೀದಿ ಒಂದು ಹೊತ್ತು ಕತ್ತಲಾದ್ರೆ ಯಾರೂ ಸಾಯಲ್ಲ" ಅನ್ನುತ್ತಿದ್ದರು. ಅವರ ಕೈಕೆಳಗೆ ಕಲಿತ ಯಾರಿಗೂ ಕಂಬದ ಮೇಲೆ ಕರೆಂಟಿನ ಏಟು ಬೀಳಲಿಲ್ಲ. ಹೊಸ ನಿಯಮ ಬರುವ ತನಕ.

ಈಗ ಪಕ್ಷದ ವಿಷಯ. ಸ್ವಲ್ಪ ನೀರು ಕುಡಿಯುತ್ತೇನೆ. — ಹಾಂ.

ಹಿಂದಿನ ಸರ್ಕಾರ ಇತ್ತಲ್ಲ, ಅದು ನಮ್ಮ ಹೊಟ್ಟೆ ಮೇಲೆ ಹೊಡೆಯುವುದಕ್ಕೆ ಶುರು ಮಾಡಿದಾಗ ನಾವು ಧರಣಿ ಕೂತೆವು. ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಅಂದರು. ಫ್ಯೂಸು ಡಬ್ಬಿಗಳಿಗೆ ಸೀಲ್ ಹಾಕಿ, ದೂರದ ಕಂಟ್ರೋಲ್ ರೂಮಿನಿಂದ ಗುಂಡಿ ಒತ್ತಿ ಕರೆಂಟು ತೆಗೆಯುತ್ತೇವೆ, ಹಾಕುತ್ತೇವೆ ಅಂದರು. ನೌಕರರು ಇದರ ಬಗ್ಗೆ ಹೊರಗೆ ತುಟಿ ಪಿಟಕ್ ಅನ್ನಬಾರದು ಅಂತ ಒಂದು ಸುತ್ತೋಲೆಯ ಕರಡು ಮಾಡಿದರು. ಆಗ ವಿರೋಧ ಪಕ್ಷದಲ್ಲಿದ್ದವರು ನಮ್ಮ ಧರಣಿಗೆ ಬಂದರು. ಯಾರು ಬಂದರು ಅಂತ ನಾನು ಹೇಳಬೇಕಾಗಿಲ್ಲ. ಅವರು ವೇದಿಕೆಯ ಮೇಲೆಯೇ ಇದ್ದಾರೆ.

ಆಗ ಅವರು ನಮಗೆಲ್ಲ 'ಅಣ್ಣ'. ನಮ್ಮ ಹರಿದ ಚಾಪೆಯ ಮೇಲೆ ಕೂತರು. ನಮ್ಮ ಲೋಟದಲ್ಲೇ ಚಹಾ ಕುಡಿದರು. ಆ ಕರಡು ಸುತ್ತೋಲೆಗೆ ನಡುಬೀದಿಯಲ್ಲಿ ಬೆಂಕಿ ಹಚ್ಚಿದರು — ಕಡ್ಡಿ ಕೊಟ್ಟವನು ನಾನೇ. ಫ್ಯೂಸಣ್ಣನ ಹೆಗಲ ಮೇಲೆ ಕೈ ಹಾಕಿ, "ನಿಮ್ಮ ಜೇಬಿಗೆ ಯಾರೂ ಕೈ ಹಾಕದಂಗೆ ನೋಡ್ಕೊಳ್ತೀನಿ, ಅಧಿಕಾರಕ್ಕೆ ಬಂದ ದಿನವೇ ಮೊದಲ ಸಹಿ ಇದಕ್ಕೆ" ಅಂದರು. ಚಪ್ಪಾಳೆಯೋ ಚಪ್ಪಾಳೆ.

ಫ್ಯೂಸಣ್ಣ ಹುಡುಗನಾಗಿದ್ದಾಗಿನಿಂದ ಆ ಪಕ್ಷದವರು. ಗೋಡೆ ಬರಹ ಬರೆದವರು, ಭಿತ್ತಿಪತ್ರಕ್ಕೆ ಗೋಂದು ಕಾಸಿದವರು. ಚುನಾವಣೆ ಬಂದಾಗ ರಜೆ ಹಾಕಿ ಮನೆಮನೆ ಸುತ್ತಿದರು. ನಾವೆಲ್ಲ ಸುತ್ತಿದೆವು. ಗೆದ್ದ ದಿನ ಅವರು ಸರ್ಕಾರಿ ಕಂಬಗಳಿಗೆಲ್ಲ ಪಕ್ಷದ ಬಾವುಟ ಕಟ್ಟಿ ಮೆಮೊ ತೆಗೆದುಕೊಂಡರು. "ಈ ಮೆಮೊಗೆ ಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ" ಅಂತ ಸೆಕ್ಷನ್ನಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದರು. ಅಷ್ಟು ಖುಷಿಯಲ್ಲಿ ನಾನು ಅವರನ್ನು ಮತ್ತೆ ನೋಡಲಿಲ್ಲ.

ಮೊದಲ ಸಹಿ ಬೇರೆ ಯಾವುದಕ್ಕೋ ಬಿತ್ತು. ಇರಲಿ, ದೊಡ್ಡ ಕೆಲಸಗಳಿರುತ್ತವೆ ಅಂದುಕೊಂಡೆವು. ಮನವಿ ಹಿಡಿದು ಹೋದೆವು. ಅಣ್ಣ ಕುರ್ಚಿ ಹಾಕಿಸಿದರು, ಚಹಾ ತರಿಸಿದರು, "ಸ್ವಲ್ಪ ಸಮಯ ಕೊಡ್ರಪ್ಪ" ಅಂದರು. ಕೊಟ್ಟೆವು. ಮತ್ತೆ ಹೋದೆವು. ಕುರ್ಚಿ ಇತ್ತು, ಚಹಾ ಇರಲಿಲ್ಲ. "ಅಧಿಕಾರಿಗಳು ಬಿಡ್ತಾ ಇಲ್ಲ" ಅಂದರು. ಅಷ್ಟು ಹೊತ್ತಿಗೆ ನಮ್ಮ ಬಾಯಲ್ಲಿ 'ಅಣ್ಣ' ಹೋಗಿ 'ಸಾರ್' ಬಂದಿತ್ತು, ಯಾವಾಗ ಬಂತೋ ಗೊತ್ತಿಲ್ಲ. ಮತ್ತೆ ಹೋದೆವು. ಮೊಗಸಾಲೆಯಲ್ಲಿ ನಿಂತು, ನಡೆಯುತ್ತಾ ನಡೆಯುತ್ತಾ, ಕಾರಿನ ಬಾಗಿಲ ತನಕ ಮಾತಾಡಿದರು. ಕೊನೆಗೆ ಗೇಟಿನಲ್ಲಿ ಒಬ್ಬ ಸಹಾಯಕ ಮನವಿ ಕಿತ್ತುಕೊಂಡು, "ಕೊಟ್ಟಾಯ್ತಲ್ಲ, ಹೊರಡಿ" ಅಂದ. ಗೇಟಿನ ಆಚೆ ಸಾಲಾಗಿ ನಿಂತಿದ್ದವರು ನಾವೇ ಮತ ಕೇಳಿ ಗೆಲ್ಲಿಸಿದವರ ಕಾವಲಿನವರು.

ಆಗಲೂ ಫ್ಯೂಸಣ್ಣ ಪಕ್ಷವನ್ನು ಬಿಟ್ಟುಕೊಡಲಿಲ್ಲ. ನಾನು ವಾಪಸ್ಸು ಬರುವಾಗ ಬಾಯಿಗೆ ಬಂದಂತೆ ಬೈಯುತ್ತಿದ್ದೆ. "ಸುಮ್ನಿರೋ, ನಮ್ಮೋರು ಕಣೋ" ಅಂದರು. ನಮ್ಮೋರು! ಆ ಮಾತು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಮೇಲೆ ನಮ್ಮೋರೇ ಆ ನಿಯಮ ತಂದರು. ಹಿಂದಿನವರು ಬರೆದಿಟ್ಟು ಹೋಗಿದ್ದನ್ನೇ ತಂದರು. ನಡುಬೀದಿಯಲ್ಲಿ ಸುಟ್ಟಿದ್ದ ಸುತ್ತೋಲೆಯನ್ನೇ ಅಲ್ಪವಿರಾಮವನ್ನೂ ಬದಲಾಯಿಸದೆ ಹೊರಡಿಸಿದರು. ಡಬ್ಬಿಗಳಿಗೆ ಸೀಲ್ ಬಿತ್ತು. ಇಲಾಖೆಯ ಯಾವುದೇ ಸಾಮಾನನ್ನು ನೌಕರ ತನ್ನ ಮೈಮೇಲೆ ಇಟ್ಟುಕೊಳ್ಳುವಂತಿಲ್ಲ. ನಾವು ಫೋನ್ ಮಾಡಬೇಕು, ಕಂಟ್ರೋಲ್ ರೂಮಿನಲ್ಲಿ ಯಾರೋ ಗುಂಡಿ ಒತ್ತಬೇಕು, ಯಾರೋ ಹೇಳಿದ್ದನ್ನು ನಂಬಿ ನಾವು ಹತ್ತಬೇಕು. ಕರೆಂಟು ಬೇಗ ವಾಪಸ್ಸು ಬರದಿದ್ದರೆ ಕಂಟ್ರೋಲ್ ರೂಮಿನವರಿಗೆ ದಂಡ. ಅವರು ಗುತ್ತಿಗೆಯವರು, ದಂಡಕ್ಕೆ ಹೆದರದೆ ಏನು ಮಾಡುತ್ತಾರೆ?

ಇದೇ ಮಾತು ಇಲ್ಲಿ ಆಡುವುದೂ ಆ ಸುತ್ತೋಲೆಯ ಪ್ರಕಾರ ತಪ್ಪು. ಅಲ್ಲಿ ಕಿಟಕಿ ಹತ್ತಿರ ಒಬ್ಬರು ಫೋನ್ ಎತ್ತಿ ಹಿಡಿದಿದ್ದಾರೆ, ನಮ್ಮ ಕಚೇರಿಯವರಲ್ಲ. ಚೆನ್ನಾಗಿ ರೆಕಾರ್ಡ್ ಮಾಡಿಕೊಳ್ಳಿ ಸಾರ್. ಸ್ವಲ್ಪ ಎಡಗಡೆಯಿಂದ ತೆಗೆಯಿರಿ, ಬಲಗಡೆ ನನಗೆ ಹಲ್ಲಿಲ್ಲ.

ನಿಯಮ ಬಂದ ಮೊದಲ ದಿನವೇ ಏಟು ಬಿದ್ದದ್ದು ನಮ್ಮ ಈ ಜೊತೆಗಾರನಿಗೆ. ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಕೈ ಎತ್ತಪ್ಪ. — ಅವನು ಎತ್ತುವುದು ಎಡಗೈ. ಬಲಗೈ ಮೇಲೇಳುವುದಿಲ್ಲ. ಫೋನಿನಲ್ಲಿ ಆಫ್ ಅಂದರು, ಹತ್ತಿದ, ಆನ್ ಆಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿದ ದಿನ ಫ್ಯೂಸಣ್ಣ ಸೆಕ್ಷನ್ನಿಗೆ ಬಂದು, ಸ್ಟೋರಿನಿಂದ ಸುತ್ತಿಗೆ ತೆಗೆದುಕೊಂಡು ಹೊರಟರು. ಮಾರನೇ ದಿನದಿಂದ ಎಲ್ಲಿ ಕೆಲಸ ಇದ್ದರೂ ಸೀಲ್ ಒಡೆಯುವುದು, ಒಳಗಿನ ಫ್ಯೂಸು ಕೀಳುವುದು, ಜೇಬಿಗೆ ಹಾಕುವುದು. ಬಚ್ಚಿಟ್ಟು ಮಾಡಲಿಲ್ಲ. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿಯ ಎದುರಿಗೇ ಜೇಬು ತಟ್ಟಿ ತೋರಿಸಿ ಕಂಬ ಹತ್ತಿದರು.

ಇಳಿಯುವ ಹೊತ್ತಿಗೆ ಅಮಾನತ್ತು. ಆರೋಪ ಏನು ಗೊತ್ತಾ? ಸರ್ಕಾರಿ ಸ್ವತ್ತನ್ನು ಅನಧಿಕೃತವಾಗಿ ತನ್ನ ವಶದಲ್ಲಿ ಇಟ್ಟುಕೊಂಡಿದ್ದು. ಕಳ್ಳತನ ಸ್ವಾಮಿ, ಕಳ್ಳತನ! ಸಂತೆಯಲ್ಲಿ ಯಾರೂ ಪುಕ್ಕಟೆ ಕೊಟ್ಟರೂ ಮುಟ್ಟದ ಒಂದು ಪಿಂಗಾಣಿ ತುಂಡಿಗೆ ಈ ಮನುಷ್ಯ ಕಳ್ಳ.

ಪಕ್ಷ ಅವರ ಪರ ನಿಲ್ಲುತ್ತದೆ ಅಂತ ಅವರು ಕಾದರು. ಪಕ್ಷದ ಶಿಸ್ತು ಸಮಿತಿ ಕರೆಸಿತು. ನಾನೂ ಜೊತೆಗೆ ಹೋಗಿದ್ದೆ. ಬೆಂಕಿ ಹಚ್ಚುವಾಗ ನಮ್ಮ ಜೊತೆ ಘೋಷಣೆ ಕೂಗಿದವರೇ ಮೇಜಿನ ಆಚೆ ಕೂತಿದ್ದರು. "ನೀವು ಪಕ್ಷಕ್ಕೆ ಮುಜುಗರ ಮಾಡ್ತಿದ್ದೀರಿ" ಅಂದರು. ಫ್ಯೂಸಣ್ಣ ಕೇಳಿದರು, "ಅವನ ಬಲಗೈ ಹೋಯ್ತಲ್ಲ, ಅದರಿಂದ ಪಕ್ಷಕ್ಕೆ ಮುಜುಗರ ಆಗಲಿಲ್ವಾ?" ಒಬ್ಬರು ಗಡಿಯಾರ ನೋಡಿದರು. ಇವರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಅಷ್ಟು ದೊಡ್ಡ ಆಳು, ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವುದಕ್ಕೆ ಆಗದೆ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಡೆದರು. ಶಿಸ್ತಿನ ಸಿಪಾಯಿ ಅಂದಿರಲ್ಲ, ಆ ಸಿಪಾಯಿಗೆ ಪಕ್ಷ ಕೊಟ್ಟ ಮರ್ಯಾದೆ ಇದು.

ಆಮೇಲೆ ಒಂದು ದಿನ ಮಂತ್ರಿಗಳೇ ಮನೆಗೆ ಕರೆಸಿಕೊಂಡರು. ಸಾಯುವ ಹಿಂದಿನ ದಿನ. ಏನು ಹೇಳಿದರು ಅಂತ ಫ್ಯೂಸಣ್ಣನೇ ನನಗೆ ಹೇಳಿದ್ದು. ಸುಳ್ಳಾಗಿದ್ದರೆ ಮಂತ್ರಿಗಳು ಇಲ್ಲೇ ಇದ್ದಾರೆ, ತಿದ್ದಬಹುದು. "ಇನ್ನೊಂದು ಸ್ವಲ್ಪ ದಿನ ಬಾಯಿ ಮುಚ್ಕೊಂಡಿರಿ, ಇನ್ನೊಂದು ದೂರು ಬರದಂಗೆ ನೋಡ್ಕೊಳ್ಳಿ. ಅಮಾನತ್ತು ನಾನು ತೆಗೆಸ್ತೀನಿ. ನೀವು ಒಂದು ಮಾತು ಕೊಡಿ, ಸೀಲ್ ಮುಟ್ಟಲ್ಲ ಅಂತ." ಇವರು ಮಾತು ಕೊಟ್ಟು ಬಂದರು.

— ಸರಿ. ಮಂತ್ರಿಗಳು ತಿದ್ದುತ್ತಿಲ್ಲ.

ಈಗ ಆ ದಿನ. ಅತ್ತಿಗೆ, ಹೇಳಲಾ? — ಹೇಳು ಅಂತಿದ್ದಾರೆ.

ಮಧ್ಯಾಹ್ನ ಜೋರು ಗಾಳಿ. ಹೆರಿಗೆ ಆಸ್ಪತ್ರೆಯ ಲೈನಿನ ಮೇಲೆ ಮರದ ಕೊಂಬೆ ಬಿದ್ದು ತಂತಿ ಕಡಿದಿತ್ತು. ಅಲ್ಲಿನ ಜನರೇಟರು ಏದುಸಿರು ಬಿಡುತ್ತಾ ಓಡುತ್ತಿತ್ತು. ಸೆಕ್ಷನ್ನಿನಲ್ಲಿ ನಾವು ಯಾರಿದ್ದೆವು? ನಮ್ಮ ಸೆಕ್ಷನ್ ಸಾಹೇಬರು. ಸ್ಟೋರ್ ನೋಡಿಕೊಳ್ಳುವ ಅಕ್ಕ. ಬಲಗೈ ಮೇಲೇಳದ ಇವನು. ಮೊಣಕಾಲು ಸವೆದು ಡಾಕ್ಟರು ಕಂಬ ಹತ್ತಬೇಡ ಅಂದಿರುವ ನಾನು. ಖಾಲಿ ಜಾಗ ತುಂಬಬಾರದು ಅನ್ನುವ ನಿಯಮದ ಮೇಲೆ ನಿಂತಿರುವ ಸೆಕ್ಷನ್ ಅದು. ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು. ಮೇಲಿನವರಿಗೆ ಫೋನ್ ಮಾಡಿ ಆಳು ಕಳಿಸಿ ಅಂದರೆ, ಹೇಗಾದರೂ ಮಾಡಿ ಮುಗಿಸಿ ಅಂದರು. ಹೇಗಾದರೂ ಅಂದರೆ ಹೇಗೆ ಅಂತ ಯಾರೂ ಹೇಳಲಿಲ್ಲ.

ಆಗ ಸಾಹೇಬರು ಸೆಕ್ಷನ್ನಿನ ಫೋನಿನಿಂದ ಫ್ಯೂಸಣ್ಣನಿಗೆ ಫೋನ್ ಮಾಡಿದರು. ಫೋನು ಸ್ಪೀಕರಿನಲ್ಲಿತ್ತು. ನಾವೆಲ್ಲ ಕೇಳಿಸಿಕೊಂಡೆವು. ಸಾಹೇಬರು ಪರಿಸ್ಥಿತಿ ಹೇಳಿದರು. ಆ ಕಡೆಯಿಂದ ಫ್ಯೂಸಣ್ಣ ಕೇಳಿದರು, "ಸಾರ್, ಆದೇಶ ಕೊಡ್ತಿದ್ದೀರಾ, ಸಹಾಯ ಕೇಳ್ತಿದ್ದೀರಾ?" ಸಾಹೇಬರು, "ಸಹಾಯ ಕೇಳ್ತಿದ್ದೀನಪ್ಪ" ಅಂದರು. "ಆದೇಶ ಆಗಿದ್ರೆ ಬರ್ತಿರ್ಲಿಲ್ಲ. ಬರ್ತೀನಿ, ಏಣಿ ಕಟ್ಟಿಸಿ" ಅಂದರು.

ಬಂದರು. ಸೈಕಲ್ ಒರಗಿಸಿದರು. ನಾನು ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ, ಆಫ್ ಆಗಿದೆ ಅಂದರು. ಟೆಸ್ಟರ್ ಹಿಡಿದು ನೋಡಿದರು, ಲೈನ್ ಸತ್ತಿತ್ತು. ನಾನು ಸುತ್ತಿಗೆ ಎತ್ತಿಕೊಂಡು ಡಬ್ಬಿ ಹತ್ತಿರ ಹೋದೆ. "ಸೀಲ್ ಒಡೀಲಾ?" ಅಂತ ಕೇಳಿದೆ.

"ಬೇಡ" ಅಂದರು.

"ಅಣ್ಣಾ, ತಮಾಷೆ ಮಾಡ್ಬೇಡ" ಅಂದೆ.

"ಬೇಡ ಕಣೋ. ನಿನ್ನೆ ಮಾತು ಕೊಟ್ಟು ಬಂದಿದ್ದೀನಿ. ಈ ಒಂದು ಸಲ ಅವರನ್ನ ನಂಬ್ತೀನಿ. ಇನ್ನೊಂದು ದೂರು ಬಂದ್ರೆ ಅವರಿಗೆ ಮುಖ ತೋರ್ಸೋಕಾಗಲ್ಲ."

ಅವರಿಗೆ ಮುಖ ತೋರಿಸುವುದಕ್ಕೆ! ಕೇಳಿಸಿಕೊಂಡಿರಾ? ಅವರ ಗೇಟಿನಲ್ಲಿ ಇವರನ್ನು ನಾಯಿ ಅಟ್ಟಿದ ಹಾಗೆ ಅಟ್ಟಿದ್ದರು, ಆದರೂ ಮರ್ಯಾದೆಯ ಚಿಂತೆ ಇವರಿಗೆ.

ಇಡೀ ನೌಕರಿಯಲ್ಲಿ ಈ ಮನುಷ್ಯ ಜೇಬಿನಲ್ಲಿ ಫ್ಯೂಸು ಇಲ್ಲದೆ, ಅದನ್ನು ಡಬ್ಬಿಯಲ್ಲೇ ಬಿಟ್ಟು, ಲೈನ್ ಕೆಲಸಕ್ಕೆ ಕಂಬ ಹತ್ತಿದ್ದು ಅದೊಂದೇ ಸಲ. ಸರ್ಕಾರದ ನಿಯಮವನ್ನು ಪೂರ್ತಿಯಾಗಿ ಪಾಲಿಸಿದ್ದು ಆ ಒಂದೇ ದಿನ.

ಕಂಟ್ರೋಲ್ ರೂಮಿನಲ್ಲಿ ಪಾಳಿ ಬದಲಾಯಿತು. ಆಫ್ ಮಾಡಿದವರು ಮನೆಗೆ ಹೋದರು. ಹೊಸದಾಗಿ ಕೂತ ಹೆಣ್ಣುಮಗಳ ಎದುರಿನ ಪರದೆಯಲ್ಲಿ ಆಸ್ಪತ್ರೆಯ ದೂರು ಕೆಂಪಗೆ ಮಿಣುಕುತ್ತಿತ್ತು. ಒತ್ತಿದಳು. ಅವಳನ್ನು ಮರುದಿನವೇ ಕೆಲಸದಿಂದ ತೆಗೆದು ಕೈ ತೊಳೆದುಕೊಂಡರು. ಕಂಬದ ಮೇಲೆ ಒಬ್ಬ ಮನುಷ್ಯ ಇದ್ದಾನೆ ಅಂತ ಆ ಪರದೆ ತೋರಿಸುವುದೇ ಇಲ್ಲ, ಅವಳಾದರೂ ಏನು ಮಾಡಿಯಾಳು?

ನಾನು ಏಣಿ ಹಿಡಿದುಕೊಂಡಿದ್ದೆ. ಅಷ್ಟು ಹೇಳುತ್ತೇನೆ. ಇನ್ನು ಹೇಳುವುದಿಲ್ಲ.

— ಮಂತ್ರಿಗಳು ಎದ್ದಿದ್ದಾರೆ. ಬೇರೆ ಕಾರ್ಯಕ್ರಮ ಇದೆಯಂತೆ. ದಾರಿ ಬಿಡಿ, ಅವರಿಗೆ ದಾರಿ ಬಿಡಿ. ಹೋಗಿ ಬನ್ನಿ ಸಾರ್. ಇನ್ನೊಂದು ಸ್ವಲ್ಪ ಹೊತ್ತು ಇದ್ದಿದ್ದರೆ ಮೌನಾಚರಣೆಗೆ ನಿಂತು ಹೋಗಬಹುದಿತ್ತು. ಯಾರೂ ಕೂಗಬೇಡಿ. ಕೂಗಬೇಡಿ ಅಂದೆನಲ್ಲ! ಸಾವಿನ ಸಭೆ ಇದು.

ಅವರ ಜೊತೆ ಬಂದವರು ಈ ಫೋಟೋ ಪಕ್ಕ ನಿಲ್ಲಿಸಿರುವ ಪಕ್ಷದ ಬಾವುಟವನ್ನೂ ತೆಗೆದುಕೊಂಡು ಹೋದರೆ ಒಳ್ಳೆಯದು. ಅಂತ್ಯಕ್ರಿಯೆಯ ದಿನ ಇದೇ ಬಾವುಟ ತಂದು ಅವರ ಮೈಮೇಲೆ ಹೊದಿಸುವುದಕ್ಕೆ ಬಂದಿದ್ದರು. ಅತ್ತಿಗೆ ಬಾಗಿಲಲ್ಲೇ ತಡೆದರು. "ಅವರಿಗೆ ಬೇಡ. ಕಿಟಕಿಗೆ ಕಟ್ಟಿ, ಬಿಸಿಲಾದ್ರೂ ತಡೆಯುತ್ತೆ" ಅಂದರು. ಅತ್ತಿಗೆ, ನನ್ನ ಇಷ್ಟುದ್ದದ ಭಾಷಣ ನೀವು ಅಲ್ಲೇ ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದಿರಿ.

ಈಗ ನಮ್ಮ ಸೆಕ್ಷನ್ ಸಾಹೇಬರೇ, ನಿಮ್ಮನ್ನು ಒಂದು ಮಾತು ಕೇಳಬೇಕು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೀರಿ. ನೀವು ಕೆಟ್ಟವರಲ್ಲ. ಆವತ್ತು ಕಂಬದ ಹತ್ತಿರ ಮೊದಲು ಓಡಿ ಬಂದವರು ನೀವು, ಆಸ್ಪತ್ರೆಯ ತನಕ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರು ನೀವು. ನಿಮಗೆ ನಿವೃತ್ತಿ ಹತ್ತಿರ ಇದೆ, ಹಾಸಿಗೆ ಹಿಡಿದ ತಾಯಿ ಇದ್ದಾರೆ, ಎಲ್ಲ ಗೊತ್ತು. ಅಮಾನತ್ತಿನಲ್ಲಿದ್ದವರನ್ನು ಕರೆದದ್ದು ನಾನು ಅಂತ ನೀವು ಹೇಳಿದರೆ ನಿಮ್ಮ ಕಥೆ ಏನಾಗುತ್ತದೆ ಅನ್ನುವುದೂ ಗೊತ್ತು. ಹೇಳದೆ ಹೋದರೆ ಅತ್ತಿಗೆಯ ಗಂಡ ಕಳ್ಳನಾಗಿಯೇ ಉಳಿಯುತ್ತಾರೆ. ಇದನ್ನು ಸುಲಭ ಮಾಡಿ ಹೇಳುವುದಕ್ಕೆ ನನಗೆ ಬರುವುದಿಲ್ಲ, ಸಾಹೇಬರೇ.

ಒಬ್ಬರ ಮೇಲೇ ಹೊರೆ ಹಾಕುವುದು ನ್ಯಾಯ ಅಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆಯುವುದು ಹೆದರಿಸುವುದಕ್ಕೇ. ಹಾಗಾಗಿ ನನ್ನ ಉತ್ತರ ನಾನು ಇಲ್ಲೇ, ಇಷ್ಟು ಜನರ ಎದುರಿಗೆ, ಆ ಫೋನಿನಲ್ಲಿ ರೆಕಾರ್ಡ್ ಆಗುವ ಹಾಗೆ ಹೇಳುತ್ತೇನೆ. ಕರೆದದ್ದು ನಾವು. ಸೆಕ್ಷನ್ ಆಫೀಸಿನಿಂದ, ಸೆಕ್ಷನ್ ಆಫೀಸಿನ ಫೋನಿನಿಂದ, ಎಲ್ಲರ ಎದುರಿಗೆ ಕರೆದೆವು. ಅವರು ಬಂದರು. ಕೆಲಸಕ್ಕೆ ಬಂದರು, ಕೆಲಸ ಮಾಡುತ್ತಾ ಸತ್ತರು. ನಾಳೆ ನನ್ನನ್ನು ಕೇಳಿದರೂ ಇದನ್ನೇ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ ಅನ್ನುವಷ್ಟು ಧೈರ್ಯ ನನಗಿಲ್ಲ, ನನ್ನ ಮನೆಯಲ್ಲೂ ತಿನ್ನುವ ಬಾಯಿಗಳಿವೆ. ಹೆದರಿಕೊಂಡೇ ಹೇಳುತ್ತೇನೆ.

ಆಯಿತು. ಇನ್ನು ನನ್ನದು ಮುಗಿಯಿತು. ಅಗಲಿದ ಸಹೋದ್ಯೋಗಿಯ ಗೌರವಾರ್ಥ ಒಂದು ನಿಮಿಷ ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕು ಅಂತ ನನಗೆ ಹೇಳಿದ್ದಾರೆ. ಆಚರಿಸೋಣ. ಆದರೆ ಏಳುವ ಮುಂಚೆ ನಮ್ಮ ಸೆಕ್ಷನ್ನಿನವರಲ್ಲಿ ಒಂದು ವಿನಂತಿ. ನಾಳೆ ಆ ಪ್ರಶ್ನೆ ಬಂದಾಗ ಗೊತ್ತಿಲ್ಲ ಅಂತ ಹೇಳಬೇಕು ಅಂದುಕೊಂಡವರು ಯಾರಾದರೂ ಇದ್ದರೆ, ಈಗ ಫ್ಯೂಸಣ್ಣನಿಗಾಗಿ ಎದ್ದು ನಿಲ್ಲುವ ಕಷ್ಟ ತೆಗೆದುಕೊಳ್ಳಬೇಡಿ. ಕೂತೇ ಇರಿ. ಅತ್ತಿಗೆ ನಿಮ್ಮ ಕಡೆ ತಿರುಗಿ ಕೂತಿದ್ದಾರೆ, ಅವರು ನೋಡಲಿ.

ಉಳಿದವರು — ಏಳಿ.